ಮೊದಲ ಮೌಂಟೇನ್ ಬೈಕ್: ಆಫೀಸಿಗೂ ಟ್ರೇಲಿಗೂ ಒಂದೇ ಹಾರ್ಡ್‌ಟೇಲ್, 18 ತಿಂಗಳು ಓಡಿಸಿದ ಮೇಲೆ

ಈ ಹಾರ್ಡ್‌ಟೇಲ್, ಅಂದ್ರೆ ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಸೈಕಲ್, ತಗೊಂಡು 18 ತಿಂಗಳಾಯ್ತು. ವಾರಕ್ಕೆ ಮೂರು ದಿನ ಆಫೀಸು, ಹೋಗ್ತಾ 11 ಕಿಲೋಮೀಟರ್ ಬರ್ತಾ 11, ಭಾನುವಾರ ಬೆಳಗ್ಗೆ ಟ್ರೇಲು, ಅಂದ್ರೆ ಕಲ್ಲು ಮಣ್ಣಿನ ದಾರಿ. ಮೀಟರ್ 5,500 ಕಿಲೋಮೀಟರ್ ದಾಟಿದೆ, ಮಳೆ ಧೂಳು ಕೆಸರು ಎಲ್ಲಾ ನೋಡಿದೆ. ತಗೊಳೋ ಮುಂಚೆ ನಾನು ಹುಡುಕಿದ ರಿವ್ಯೂಗಳೆಲ್ಲಾ ಒಂದೋ ಬರೀ ಟ್ರೇಲ್ ಬಗ್ಗೆ, ಇಲ್ಲಾ ಬರೀ ರೋಡ್ ಬಗ್ಗೆ ಇದ್ವು, ಎರಡಕ್ಕೂ ಒಂದೇ ಸೈಕಲ್ ಇಟ್ಕೊಳ್ಳೋರು ಏನು ನೋಡಿ ತಗೋಬೇಕು ಅಂತ ಯಾರೂ ಕೂತು ಬಿಡಿಸಿ ಹೇಳಿರ್ಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಫ್ರೇಮ್ ಮೇಲಿರೋ ಕಂಪನಿ ಹೆಸರು ಬೇಕಂತಲೇ ಬರೀತಿಲ್ಲ. ಯಾಕಂದ್ರೆ ಈ ರೇಂಜ್‌ನಲ್ಲಿ ಸ್ಟಿಕರ್ ಬೇರೆ ಬೇರೆ ಇರುತ್ತೆ ಅಷ್ಟೇ, ಒಳಗಿನ ಸಾಮಾನು ಬಹುಪಾಲು ಶಿಮಾನೋ, ಸ್ರಾಮ್, ರಾಕ್‌ಶಾಕ್ಸ್, ಸನ್‌ಟೂರ್, ಟೆಕ್ಟ್ರೋ ಇವರದ್ದೇ. ಸ್ಪೆಕ್ ಶೀಟ್ ಓದೋದು ಕಲಿತ್ರೆ ಯಾವ ಅಂಗಡಿಗೆ ಹೋದ್ರೂ ನೀವೇ ಆರಿಸ್ಕೋಬಹುದು. ನನ್ನ ಸೈಕಲ್ ಹೀಗಿದೆ: ಅಲ್ಯುಮಿನಿಯಂ ಹಾರ್ಡ್‌ಟೇಲ್ ಫ್ರೇಮ್, ಮೀಡಿಯಂ ಸೈಜ್, 29 ಇಂಚ್ ವೀಲ್, 120 ಎಂಎಂ ಟ್ರಾವೆಲ್ ಇರೋ, ಅಂದ್ರೆ ಅಷ್ಟು ಕುಸಿಯೋ, ರಾಕ್‌ಶಾಕ್ಸ್ ಜೂಡಿ ಏರ್ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಕವಲು), ಶಿಮಾನೋ ಡಿಯೋರ್ 10 ಸ್ಪೀಡ್, ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲಿನ ಚಕ್ರ), ಶಿಮಾನೋ ಎಂಟಿ200 ಹೈಡ್ರಾಲಿಕ್ (ಎಣ್ಣೆ ಒತ್ತಡದ) ಬ್ರೇಕು, ಪೆಡಲ್ ಸೇರಿ ತೂಕ 14 ಕೆಜಿ ಹತ್ತಿರ.

ಇದಕ್ಕೂ ಮುಂಚೆ ಒಂದಿತ್ತು. ಮುಂದೂ ಹಿಂದೂ ಸಸ್ಪೆನ್ಷನ್, 21 ಗೇರು, ದಪ್ಪ ದಪ್ಪ ಪೈಪು, ನೋಡೋಕೆ ಮೋಟರ್‌ಸೈಕಲ್ ತರ. ಅಂಗಡಿಯೋರು ಎರಡೂ ಕಡೆ ಸಸ್ಪೆನ್ಷನ್ ಇದ್ರೆ ಆರಾಮ ಅಂದ್ರು, ಕೇಳೋಕೆ ಸರಿ ಅನ್ಸ್ತು, ತಗೊಂಡೆ. ಹಿಂದಿನ ಶಾಕ್‌ನಲ್ಲಿ ಬರೀ ಸ್ಪ್ರಿಂಗ್ ಇತ್ತು, ಕುಣಿತ ತಡೆಯೋ ಡ್ಯಾಂಪಿಂಗ್ ಅನ್ನೋದೇ ಇರ್ಲಿಲ್ಲ, ಹಂಗಾಗಿ ಪ್ರತಿ ಪೆಡಲ್‌ಗೂ ಸೈಕಲ್ ತೂಗಾಡ್ತಿತ್ತು, ಕಾಲಿನ ಶಕ್ತಿ ಅರ್ಧ ಆ ತೂಗಾಟಕ್ಕೇ ಹೋಗ್ತಿತ್ತು, ಏರು ಬಂದ್ರೆ ಇಳಿದು ತಳ್ಳಬೇಕು. ಹತ್ತು ತಿಂಗಳಿಗೆ ಹಿಂದಿನ ಆಕ್ಸಲ್ ಬಾಗ್ತು, ಬದಲಾಯಿಸಿದೆ, ಮತ್ತೆ ಬಾಗ್ತು. ಅಲ್ಲಿಂದ ನಾನು ಕೂತು ಓದೋಕೆ ಶುರು ಮಾಡಿದ್ದು.

ಅಷ್ಟೆಲ್ಲಾ ಓದಿ, ಓಡಿಸಿ ನಂಗೆ ಅರ್ಥ ಆಗಿದ್ದು ಇದು. ಸೈಕಲ್‌ನಲ್ಲಿ ಸವೆಯೋ ಸಾಮಾನು ಒಂದಷ್ಟಿದೆ, ಟೈರು ಚೈನು ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಪ್ಯಾಡು ಸೀಟು ಗ್ರಿಪ್ಪು, ಇವೆಲ್ಲಾ ಒಂದಲ್ಲ ಒಂದಿನ ಹೇಗೂ ಬದಲಾಗುತ್ತೆ. ಬದಲಾಯಿಸೋಕೆ ಆಗದೇ ಇರೋದು ಫ್ರೇಮು, ಅದರ ಅಳತೆಗಳು, ಅದರ ತೂತುಗಳು. ಮೊದಲ ಸೈಕಲ್‌ಗೆ ದುಡ್ಡು ಕಟ್ಟುವಾಗ ನಾವು ಮಾಡೋದು ಉಲ್ಟಾ, ಹಿಂದಿನ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋದು) ಎಷ್ಟು ಒಳ್ಳೇದು ಅಂತ ನೋಡ್ತೀವಿ, ಹೆಡ್ ಟ್ಯೂಬ್ ಹೇಗಿದೆ ಅಂತ ನೋಡಲ್ಲ.

ಹೆಡ್ ಟ್ಯೂಬ್ ಅಂದ್ರೆ ಫೋರ್ಕ್‌ನ ಕಂಬ ಒಳಗೆ ಹೋಗೋ ಮುಂದಿನ ಗಿಡ್ಡ ಪೈಪು. ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ ಇದ್ರೆ ಅದು ಹಳೇ ಸ್ಟ್ರೇಟ್ ಮಾದರಿ, ಕೆಳಗೆ ಅಗಲ ಆಗಿ ಬಂದ್ರೆ ಟೇಪರ್ಡ್, ಅದಕ್ಕೆ ಹಾಕೋ ಫೋರ್ಕ್‌ನ ಕಂಬ ಮೇಲೆ ಒಂದೂ ಕಾಲು ಇಂಚಿಗಿಂತ ಸ್ವಲ್ಪ ಕಡಿಮೆ, ಕೆಳಗೆ ಒಂದೂವರೆ ಇಂಚು. ಇವತ್ತು ಒಳ್ಳೇ ಏರ್ ಫೋರ್ಕ್‌ಗಳು ಬಹುತೇಕ ಟೇಪರ್ಡ್‌ಗೇ ಬರೋದು. ಸ್ಟ್ರೇಟ್ ಫ್ರೇಮ್ ತಗೊಂಡ್ರೆ ಆಮೇಲೆ ಫೋರ್ಕ್ ಬದಲಾಯಿಸ್ತೀನಿ ಅನ್ನೋ ಆಸೆ ಬಹುಮಟ್ಟಿಗೆ ಅಲ್ಲಿಗೇ ಮುಗೀತು. ಹಿಂದಿನ ಚಕ್ರ ಕೂರೋ ಜಾಗಾನೂ ಹಂಗೇ. ಥ್ರೂ ಆಕ್ಸಲ್ (ಫ್ರೇಮ್ ತೂತಿನೊಳಗೆ ತೂರಿಸಿ ಬಿಗಿಯೋ ಆಕ್ಸಲ್), 12 ಎಂಎಂ ದಪ್ಪ 148 ಎಂಎಂ ಅಗಲ, ಇದ್ರೆ ಆಮೇಲೆ ಒಳ್ಳೇ ವೀಲ್ ಸಿಗೋದು ಸುಲಭ, ಚಕ್ರ ಪ್ರತಿ ಸಲ ಅದೇ ಜಾಗದಲ್ಲಿ ಕೂರುತ್ತೆ, ಡಿಸ್ಕ್ ಉಜ್ಜಲ್ಲ. 135 ಅಥವಾ 141 ಎಂಎಂ ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಚ್ಚೋ ತೆಳು ಕಡ್ಡಿ) ಇದ್ರೆ ಸೈಕಲ್ ಕೆಟ್ಟದು ಅಂತಲ್ಲ, ಆದ್ರೆ ಮುಂದಿನ ದಾರಿ ಕಿರಿದು.

ಸೀಟ್ ಟ್ಯೂಬ್ ಅಳತೇನೂ ಕೇಳಿ. 30.9 ಅಥವಾ 31.6 ಎಂಎಂ ಇದ್ರೆ ಡ್ರಾಪರ್ ಪೋಸ್ಟ್ ಸುಲಭವಾಗಿ ಸಿಗುತ್ತೆ, 27.2 ಆದ್ರೆ ಆಯ್ಕೆ ಕಡಿಮೆ. ಡ್ರಾಪರ್ ಅಂದ್ರೆ ಹ್ಯಾಂಡಲ್ ಮೇಲಿನ ಬಟನ್ ಒತ್ತಿ ಮೈಭಾರ ಬಿಟ್ರೆ ಸೀಟು ಕೆಳಗೆ ಹೋಗೋದು, ಇಳಿಜಾರಿನಲ್ಲಿ ಸೀಟು ಅಡ್ಡ ಬರಲ್ಲ. ನಾನು ಆರು ತಿಂಗಳಾದ್ಮೇಲೆ ಹಾಕಿಸಿದೆ, ಟ್ರೇಲ್‌ಗೆ ಅಂತಾನೇ ಹಾಕಿಸಿದ್ದು, ಆದ್ರೆ ದಿನಾ ಉಪಯೋಗ ಆಗ್ತಿರೋದು ಸಿಗ್ನಲ್‌ನಲ್ಲಿ! ಕೆಂಪು ಬಿದ್ದ ತಕ್ಷಣ ಸೀಟು ಇಳಿಸಿ ಎರಡೂ ಕಾಲು ನೆಲಕ್ಕೆ ಊರಿ ಕೂರ್ತೀನಿ, ಹಸಿರು ಬಂದ್ಮೇಲೆ ಏರಿಸ್ಕೊಂಡು ಹೊರಡ್ತೀನಿ. ಬೆನ್ನಲ್ಲಿ ಅಥವಾ ಕ್ಯಾರಿಯರ್‌ನಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಓಡಾಡೋರಿಗೆ ಇದು ಎಷ್ಟು ನೆಮ್ಮದಿ ಅಂತ ಓಡಿಸಿದ್ರೇನೇ ಗೊತ್ತಾಗೋದು.

ಇನ್ನೊಂದು ಯಾರೂ ಹೇಳದ ವಿಷಯ, ಕ್ಯಾರಿಯರ್ ಕೂರಿಸೋ ಬೋಲ್ಟ್ ತೂತುಗಳು. ಎಷ್ಟೋ ಮೌಂಟೇನ್ ಬೈಕ್‌ಗಳಲ್ಲಿ ಇರೋದೇ ಇಲ್ಲ. ಆಫೀಸಿಗೆ ಓಡಿಸೋ ಸೈಕಲ್‌ಗೆ ಹಿಂದೆ ಆಕ್ಸಲ್ ಹತ್ತಿರ ಎರಡು, ಸೀಟಿನ ಕೆಳಗೆ ಎರಡು ತೂತು ಇರ್ಲೇಬೇಕು. ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಪ್ಯಾಡ್ ಹಿಡಿಯೋ ಭಾಗ) ಎಲ್ಲಿ ಕೂತಿದೆ ಅಂತಾನೂ ನೋಡಿ, ಎರಡು ಪೈಪಿನ ಸಂದಿಯಲ್ಲಿ, ಕೆಳಗಿನ ಚೈನ್‌ಸ್ಟೇ ಮೇಲೆ ಕೂತಿದ್ರೆ ಕ್ಯಾರಿಯರ್ ಕಾಲು ನೇರವಾಗಿ ಇಳಿಯುತ್ತೆ, ಮೇಲಿನ ಸೀಟ್‌ಸ್ಟೇ ಹಿಂಬದಿಗೆ ಚಾಚ್ಕೊಂಡಿದ್ರೆ ಕ್ಯಾರಿಯರ್ ಅದಕ್ಕೆ ತಾಗುತ್ತೆ, ಆಗ ಸ್ಪೇಸರ್ ಇಟ್ಟು ಒದ್ದಾಡಬೇಕು. ಬ್ಯಾಗ್ ಬೆನ್ನ ಮೇಲೆ ಹೊತ್ಕೊಂಡು 11 ಕಿಲೋಮೀಟರ್ ಹೋದ್ರೆ ಶರ್ಟ್ ಪೂರ್ತಿ ಒದ್ದೆ, ಅದೇ ಬ್ಯಾಗ್ ಕ್ಯಾರಿಯರ್ ಪಕ್ಕಕ್ಕೆ ನೇತಾಕಿದ್ರೆ ಬೆನ್ನು ಒಣಗಿರುತ್ತೆ. ನನಗಂತೂ ಸೈಕಲ್‌ನಲ್ಲಿ ಆಫೀಸಿಗೆ ಹೋಗೋದು ಅಭ್ಯಾಸ ಆಗಿ ಉಳಿದಿದ್ದೇ ಈ ನಾಲ್ಕು ತೂತಿನಿಂದ.

ಈಗ ಫೋರ್ಕು. ಕಡಿಮೆ ಬೆಲೆ ಸೈಕಲ್‌ಗಳಲ್ಲಿ ಬರೋದು ಕಾಯಿಲ್ ಫೋರ್ಕ್, ಅಂದ್ರೆ ಒಳಗೆ ಉಕ್ಕಿನ ಸ್ಪ್ರಿಂಗು. ಆ ಸ್ಪ್ರಿಂಗ್ ಒಬ್ಬ ಸರಾಸರಿ ತೂಕದವನಿಗೆ ಅಂತ ಆರಿಸಿ ಹಾಕಿರ್ತಾರೆ, ನೀವು 52 ಕೆಜಿ ಇದ್ರೆ ಅದು ಅಲುಗಾಡಲ್ಲ, 95 ಇದ್ರೆ ಪೂರ್ತಿ ಮುಳುಗುತ್ತೆ. ಮೇಲೆ ಪ್ರೀಲೋಡ್ ಅಂತ ಒಂದು ತಿರುಪು ಕೊಟ್ಟಿರ್ತಾರೆ, ಅದನ್ನ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ಬಹಳ ಜನ ಅನ್ಕೊಂಡಿದಾರೆ, ಆಗಲ್ಲ, ಶುರುವಿನ ಒತ್ತಡ ಮಾತ್ರ ಬದಲಾಗುತ್ತೆ. ಏರ್ ಫೋರ್ಕ್‌ನಲ್ಲಿ ಗಾಳಿನೇ ಸ್ಪ್ರಿಂಗ್, ನಿಮ್ಮ ತೂಕಕ್ಕೆ ತಕ್ಕಂತೆ ತುಂಬಿಸ್ಕೋಬಹುದು. ನಾನು 72 ಕೆಜಿ, ಸೈಕಲ್ ಮೇಲೆ ನಿಂತಾಗ 120 ರಲ್ಲಿ 24 ಎಂಎಂ ಕುಸಿಯೋ ಹಂಗೆ ಇಟ್ಟಿದೀನಿ, ಅಂದ್ರೆ 20 ಪರ್ಸೆಂಟ್, ಅದನ್ನ ಸ್ಯಾಗ್ ಅಂತಾರೆ, ಫೋರ್ಕ್ ಕಾಲಿನ ಮೇಲಿರೋ ರಬ್ಬರ್ ರಿಂಗ್ ಎಲ್ಲಿಗೆ ಸರಿದಿದೆ ನೋಡಿದ್ರೆ ಗೊತ್ತಾಗುತ್ತೆ. ಜೊತೆಗೆ ರಿಬೌಂಡ್ ತಿರುಪು ಇದೆ, ಕುಸಿದ ಫೋರ್ಕ್ ಎಷ್ಟು ಬೇಗ ವಾಪಸ್ ಬರ್ಬೇಕು ಅನ್ನೋದಕ್ಕೆ. ಹಳೇ ಸೈಕಲ್‌ನಲ್ಲಿ ಕಲ್ಲು ಹೊಡೆದಾಗ ಫೋರ್ಕ್ ಎಗರಿ ಹ್ಯಾಂಡಲ್ ಕೈಯಿಂದ ಕಿತ್ಕೊಂಡು ಹೋಗ್ತಿತ್ತು, ಇದರಲ್ಲಿ ಅದೇ ಕಲ್ಲು ಮೇಲೆ ಹೋದ್ರೆ ಟೈರು ನೆಲ ಬಿಡಲ್ಲ. ಟ್ರೇಲ್‌ನಲ್ಲಿ ನನ್ನ ಭಯ ಹೋಗಿದ್ದು ಇದರಿಂದ, ಇಷ್ಟು ದಿನ ನಂಗೆ ಓಡಿಸೋಕೆ ಬರಲ್ಲ ಅಂತ ತಿಳ್ಕೊಂಡಿದ್ದೆ, ಅದು ಫೋರ್ಕ್‌ನ ತಪ್ಪಾಗಿತ್ತು.

ಜೂಡಿಯ ಮಿತಿ ಏನಂದ್ರೆ ಕಾಲುಗಳು 30 ಎಂಎಂ ದಪ್ಪ ಮಾತ್ರ, ವೇಗವಾಗಿ ಕಲ್ಲಿನ ಇಳಿಜಾರಿಗೆ ನುಗ್ಗಿ ಬ್ರೇಕ್ ಹಾಕಿದ್ರೆ ಸ್ವಲ್ಪ ಬಳುಕೋದು ಕೈಗೆ ತಿಳಿಯುತ್ತೆ. ಅದೇ ಮನೆಯ ರೆಕಾನ್‌ನಲ್ಲಿ 32 ಎಂಎಂ. ಬಜೆಟ್ ಎಳೆಯೋಕೆ ಆದ್ರೆ ರೆಕಾನ್ ಇರೋದು ತಗೊಳ್ಳಿ, ಆಗ್ದಿದ್ರೆ ಜೂಡಿ ಮೊದಲ ಎರಡು ವರ್ಷಕ್ಕೆ ಧಾರಾಳ ಸಾಕು. ಫೋರ್ಕ್ ಕುಸಿಯದಂಗೆ ಹಿಡಿಯೋ ಲಾಕ್‌ಔಟ್ ಇದೆ, ಆಫೀಸ್ ದಾರಿಯ ಉದ್ದ ಏರಿನಲ್ಲಿ ಲಾಕ್ ಮಾಡ್ತೀನಿ, ಟ್ರೇಲ್ ಶುರು ಆಗೋ ಮುಂಚೆ ತೆಗೆಯೋದು ಮರೀಬೇಡಿ.

ಗೇರಿನ ವಿಷಯಕ್ಕೆ ಬಂದ್ರೆ, 21 ಗೇರು 10 ಗೇರಿಗಿಂತ ಜಾಸ್ತಿ ಅನ್ನೋ ಲೆಕ್ಕ ಬಿಟ್ಬಿಡಿ. ಹಳೇದರಲ್ಲಿ ಮುಂದೆ 42, 34, 24 ಹಲ್ಲು, ಹಿಂದೆ 14 ರಿಂದ 28. ಅತಿ ಹಗುರ ಗೇರು 24 ಭಾಗಿಸು 28, ಅಂದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ 0.86 ಸುತ್ತು. ಅತಿ ಗಟ್ಟಿ ಗೇರು 42 ಭಾಗಿಸು 14, ಮೂರು ಸುತ್ತು. ಈಗಿನದರಲ್ಲಿ ಮುಂದೆ 32, ಹಿಂದೆ 11 ರಿಂದ 46. ಹಗುರ ಗೇರು 0.70, ಗಟ್ಟಿ ಗೇರು 2.91. ನೋಡಿ, ಹತ್ತೇ ಗೇರಿನಲ್ಲಿ ಏರಿಗೆ ಇನ್ನೂ ಹಗುರ ಸಿಕ್ತು, ವೇಗದಲ್ಲಿ ಹೆಚ್ಚೇನೂ ಕಳ್ಕೊಂಡಂಗಾಗ್ಲಿಲ್ಲ, ಮುಂದಿನ ಡಿರೇಲರ್, ಅದರ ಕೇಬಲ್, ಎಡಗೈ ಶಿಫ್ಟರ್ ಎಲ್ಲಾ ಹೋಯ್ತು. ನಿಮಿಷಕ್ಕೆ 80 ಸುತ್ತು ಪೆಡಲ್ ಮಾಡಿದ್ರೆ ಕೊನೇ ಗೇರಿನಲ್ಲಿ ಗಂಟೆಗೆ 32 ಕಿಲೋಮೀಟರ್ ಹತ್ತಿರ ಬರುತ್ತೆ, ಆಫೀಸ್ ದಾರಿಗೆ ಅದಕ್ಕಿಂತ ಜಾಸ್ತಿ ನಂಗೆ ಯಾವತ್ತೂ ಬೇಕಾಗಿಲ್ಲ.

ಆಕ್ಸಲ್ ಬಾಗಿದ ಕಥೆ ಹೇಳ್ದೆ ಅಲ್ವಾ, ಅದರ ಕಾರಣಾನೂ ಇಲ್ಲೇ ಇದೆ. 7 ಸ್ಪೀಡ್ ಸೈಕಲ್‌ಗಳಲ್ಲಿ ಹಿಂದೆ ಬರೋದು ಹೆಚ್ಚಾಗಿ ಫ್ರೀವೀಲ್, ಹಬ್ (ಚಕ್ರದ ನಡುವಿನ ಭಾಗ) ಮೇಲೆ ತಿರುಪಿನ ಹಂಗೆ ಕೂರುತ್ತೆ, ಬೇರಿಂಗ್ ಒಳಗಡೆ ಉಳಿದುಬಿಡುತ್ತೆ, ಗೇರಿನ ಕಡೆ ಆಕ್ಸಲ್‌ಗೆ ಆಧಾರ ಇಲ್ಲದೆ ಉದ್ದಕ್ಕೆ ಚಾಚ್ಕೊಂಡಿರುತ್ತೆ, ಗುಂಡಿಗೆ ಬಿದ್ದಾಗ ಅಲ್ಲೇ ಬಾಗೋದು. ಕ್ಯಾಸೆಟ್ ಕೂರೋ ಫ್ರೀಹಬ್‌ನಲ್ಲಿ ಬೇರಿಂಗ್ ಹೊರಗಡೆ ತುದಿಗೆ ಇರುತ್ತೆ, ಶಿಮಾನೋ 1978 ರಲ್ಲೇ ತಂದಿರೋ ವಿನ್ಯಾಸ ಇದು, ಇಷ್ಟು ವರ್ಷ ಆದ್ಮೇಲೂ ಕೆಳಗಿನ ರೇಂಜ್‌ನಲ್ಲಿ ಫ್ರೀವೀಲ್ ಬರ್ತಾನೇ ಇದೆ. ಗುರುತಿಸೋಕೆ ಸುಲಭ ದಾರಿ, ಹಿಂದಿನ ಅತಿ ಸಣ್ಣ ಗೇರಿನ ಹಲ್ಲು ಎಣಿಸಿ. 11 ಇದ್ರೆ ಸಾಮಾನ್ಯವಾಗಿ ಕ್ಯಾಸೆಟ್, 14 ಇದ್ರೆ ಫ್ರೀವೀಲ್ ಇರೋ ಸಾಧ್ಯತೆ ಜಾಸ್ತಿ. ಲಗೇಜ್ ಹಾಕ್ಕೊಂಡು ದಿನಾ ಓಡಿಸೋರು, ಟ್ರೇಲ್‌ಗೆ ಹೋಗೋರು ಫ್ರೀವೀಲ್ ಸೈಕಲ್ ತಗೋಬೇಡಿ, ಇದೊಂದನ್ನ ನಾನು ಒತ್ತಿ ಹೇಳ್ತೀನಿ.

ಬ್ರೇಕು ಹೈಡ್ರಾಲಿಕ್ಕೇ ಇರ್ಲಿ. ಕೇಬಲ್ ಡಿಸ್ಕ್ ಕೂಡ ನಿಲ್ಲಿಸುತ್ತೆ, ಆದ್ರೆ ಉದ್ದ ಇಳಿಜಾರಿನಲ್ಲಿ ಬೆರಳು ಸೋತು ಹೋಗುತ್ತೆ, ಪ್ಯಾಡ್ ಸವೆದಂಗೆಲ್ಲಾ ಅಡ್ಜಸ್ಟ್ ಮಾಡ್ತಾ ಇರಬೇಕು. ಎಂಟಿ200 ಶಿಮಾನೋದಲ್ಲಿ ಕೆಳಗಿನ ಮಾಡೆಲ್ಲೇ, ಆದ್ರೂ ಒಂದು ಬೆರಳಲ್ಲಿ ನಿಲ್ಲುತ್ತೆ, 18 ತಿಂಗಳಲ್ಲಿ ಒಂದೇ ಸಲ ಎಣ್ಣೆ ಬದಲಾಯಿಸಿದೀನಿ, ಅದಕ್ಕೆ ಹಾಕೋದು ಮಿನರಲ್ ಆಯಿಲ್. ಹೊಸ ಸೈಕಲ್ ತಂದ ದಿನ ಖಾಲಿ ರಸ್ತೆಯಲ್ಲಿ ವೇಗ ತಗೊಂಡು ನಿಧಾನವಾಗಿ ಬ್ರೇಕ್ ಹಿಡಿದು ವೇಗ ಇಳಿಸೋದನ್ನ ಇಪ್ಪತ್ತು ಸಲ ಮಾಡಿ, ಪ್ಯಾಡು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳುತ್ತೆ, ಇದನ್ನ ಮಾಡದೇ ಬ್ರೇಕ್ ಹಿಡಿಯಲ್ಲ ಅಂತ ದೂರೋರು ಬಹಳ. ಚಕ್ರ ಬಿಚ್ಚಿದಾಗ ಮಾತ್ರ ಲಿವರ್ ಒತ್ತಬೇಡಿ, ಪಿಸ್ಟನ್ ಆಚೆ ಬಂದ್ಬಿಡುತ್ತೆ. ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಓನ್ಲಿ (ರೆಸಿನ್ ಅಂದ್ರೆ ಮೆತ್ತನೆ ಪ್ಯಾಡ್) ಅಂತ ಅಚ್ಚು ಹಾಕಿದ್ರೆ ಮೆಟಲ್ ಪ್ಯಾಡ್ ಹಾಕಂಗಿಲ್ಲ, ಡಿಸ್ಕ್ ಸವೆದು ಹೋಗುತ್ತೆ. ಮಳೆ ಕೆಸರಿನಲ್ಲಿ ರೆಸಿನ್ ಪ್ಯಾಡ್ ಬೇಗ ಸವೆಯುತ್ತೆ ಅನ್ನೋದು ನಿಜ, ಬ್ಯಾಗಲ್ಲಿ ಒಂದು ಜೊತೆ ಇಟ್ಕೊಂಡಿರ್ತೀನಿ.

ಒಂದೇ ಸೈಕಲ್ ಎರಡು ಕೆಲಸ ಮಾಡುತ್ತಾ ಅಂತ ಕೇಳಿದ್ರೆ ಉತ್ತರ ಇರೋದು ಟೈರಿನಲ್ಲಿ. ದೊಡ್ಡ ದೊಡ್ಡ ಗಂಟು ಇರೋ ಟೈರು ಮಣ್ಣು ಕಚ್ಚುತ್ತೆ, ಆದ್ರೆ ಡಾಂಬರಿನಲ್ಲಿ ಗುಂಯ್ ಅಂತ ಸದ್ದು, ಎಳೆದಂಗಾಗುತ್ತೆ, ಹಿಂದಿನ ಟೈರಿನ ನಡುವಿನ ಗಂಟು ಬೇಗ ಬೋಳಾಗುತ್ತೆ. ನನ್ನ ಸೈಕಲ್ ಜೊತೆ ಬಂದ ಟೈರು ಹಂಗೇ ಇತ್ತು. ನಾಲ್ಕು ತಿಂಗಳಾದ್ಮೇಲೆ ಹಿಂದೆ ಮಾತ್ರ ಶ್ವಾಲ್ಬೆ ಸ್ಮಾರ್ಟ್ ಸ್ಯಾಮ್ ಹಾಕಿದೆ, ಅದರ ನಡುವೆ ಗಂಟುಗಳು ಒತ್ತೊತ್ತಾಗಿ ಗೆರೆ ಎಳೆದಂಗೆ ಇದೆ, ರಸ್ತೆಯಲ್ಲಿ ಸಲೀಸಾಗಿ ಉರುಳುತ್ತೆ, ಪಕ್ಕದಲ್ಲಿ ಗಂಟು ಇರೋದ್ರಿಂದ ಮಣ್ಣಿನ ತಿರುವಿನಲ್ಲೂ ಪರವಾಗಿಲ್ಲ. ಮುಂದೆ ಕಚ್ಚೋ ಟೈರು ಹಾಗೇ ಬಿಟ್ಟಿದೀನಿ. ಹಿಂದಿನ ಚಕ್ರ ಜಾರಿದ್ರೆ ಸಂಭಾಳಿಸಬಹುದು, ಮುಂದಿನದು ಜಾರಿದ್ರೆ ನೆಲಕ್ಕೇ.

ದುಡ್ಡೇ ಖರ್ಚಿಲ್ಲದ ಇನ್ನೊಂದು ಉಪಾಯ ಗಾಳಿ ಪ್ರೆಶರ್. ಆಫೀಸಿಗೆ 40 ಪಿಎಸ್ಐ. ಶನಿವಾರ ರಾತ್ರಿ ಇಳಿಸಿ ಮುಂದೆ 24, ಹಿಂದೆ 27. ಇದು ನನ್ನ ತೂಕಕ್ಕೆ, 2.25 ಇಂಚ್ ಟೈರಿಗೆ, ಟ್ಯೂಬ್‌ಲೆಸ್ ಮಾಡ್ಸಿರೋದಕ್ಕೆ. ಟ್ಯೂಬ್ ಇದ್ರೆ ಇಷ್ಟು ಇಳಿಸ್ಬೇಡಿ, 30 ಹತ್ತಿರ ಇರ್ಲಿ, ಇಲ್ಲಾಂದ್ರೆ ಕಲ್ಲಿಗೆ ಹೊಡೆದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂಗೆ ಎರಡು ತೂತು ಬೀಳುತ್ತೆ. ಮೊದಲ ಸಲ ಪ್ರೆಶರ್ ಇಳಿಸಿ ಅದೇ ಟ್ರೇಲ್‌ಗೆ ಹೋದಾಗ ಸೈಕಲ್ಲೇ ಬೇರೆ ಅನ್ನಿಸ್ತು, ಬೇರಿನ ಮೇಲೆ ಕಲ್ಲಿನ ಮೇಲೆ ಟೈರು ಅಂಟ್ಕೊಂಡು ಹೋಗ್ತಿತ್ತು. ಟ್ಯೂಬ್‌ಲೆಸ್‌ಗೆ ರಿಮ್ ಮತ್ತೆ ಟೈರ್ ಎರಡೂ ಟ್ಯೂಬ್‌ಲೆಸ್ ರೆಡಿ ಇರಬೇಕು, ಒಳಗಿನ ಸೀಲೆಂಟ್ (ತೂತು ಮುಚ್ಚೋ ದ್ರವ) ಕೆಲವು ತಿಂಗಳಲ್ಲಿ ಒಣಗುತ್ತೆ, ನೆನಪಿಟ್ಟು ತುಂಬಿಸ್ತಾ ಇರಬೇಕು. ಮುಳ್ಳಿನ ಪಂಕ್ಚರ್ ಕಾಟ ಇರೋರಿಗೆ ಆ ಕೆಲಸ ಸಾರ್ಥಕ.

29 ಇಂಚ್ ವೀಲ್ ರಿಮ್ಮಿನ ವ್ಯಾಸ 622 ಎಂಎಂ, ರೋಡ್ ಬೈಕ್‌ನ 700ಸಿ ಅಂತಾರಲ್ಲ ಅದೂ ಅದೇ. ಹಂಗಾಗಿ ಆಮೇಲೆ ಪೂರ್ತಿ ನುಣುಪು ಟೈರ್ ಬೇಕಂದ್ರೂ ಸಿಗುತ್ತೆ, ರಿಮ್ ಅಗಲಕ್ಕೆ ಹೊಂದಬೇಕು ಅಷ್ಟೇ. ಎತ್ತರ ಕಡಿಮೆ ಇರೋರಿಗೆ ಸಣ್ಣ ಸೈಜ್ ಫ್ರೇಮ್‌ಗಳಲ್ಲಿ 27.5 ಕೊಡ್ತಾರೆ, ಅದಕ್ಕೆ ಬೇಜಾರು ಮಾಡ್ಕೋಬೇಡಿ, ಮೈಗೆ ಹೊಂದೋ ಫ್ರೇಮ್ ಮುಖ್ಯ.

ಸೈಜ್ ಬಗ್ಗೆ ಒಂದು ಮಾತು. ಇಂಚ್ ಲೆಕ್ಕದಲ್ಲಿ ಹೇಳೋ ಸೈಜು ಸೀಟ್ ಟ್ಯೂಬ್ ಉದ್ದ ಮಾತ್ರ, ಈಗ ನೋಡಬೇಕಾಗಿರೋದು ರೀಚ್, ಅಂದ್ರೆ ಪೆಡಲ್ ಮೇಲೆ ನಿಂತಾಗ ಹ್ಯಾಂಡಲ್ ಎಷ್ಟು ದೂರ ಅಂತ ಹೇಳೋ ಅಳತೆ. ಸ್ಟಾಕ್ ಇಲ್ಲ ಅಂತ ಒಂದು ಸೈಜ್ ದೊಡ್ಡದು ತಲೆಗೆ ಕಟ್ಟೋಕೆ ನೋಡ್ತಾರೆ, ಸೀಟು ಇಳಿಸಿದ್ರೆ ಸರಿ ಹೋಗುತ್ತೆ ಅಂತಾರೆ, ಸರಿ ಹೋಗಲ್ಲ, ಕೈ ಚಾಚ್ಕೊಂಡೇ ಇರಬೇಕಾಗುತ್ತೆ, ಭುಜ ಕತ್ತು ನೋವು ಗ್ಯಾರಂಟಿ. ಎರಡು ವಾರ ಕಾದ್ರೂ ಪರವಾಗಿಲ್ಲ, ನಿಮ್ಮ ಸೈಜೇ ತರಿಸಿ.

ನಂಗೆ ಇಷ್ಟ ಆಗದೇ ಇರೋದು ಏನೇನು? ಜೊತೆಗೆ ಬಂದ ಪ್ಲಾಸ್ಟಿಕ್ ಪೆಡಲ್ ಮಳೆಯಲ್ಲಿ ಜಾರ್ತಿತ್ತು, ಮೊದಲ ತಿಂಗಳೇ ಪಿನ್ ಇರೋ ಫ್ಲಾಟ್ ಪೆಡಲ್ ಹಾಕಿದೆ, ಎಡಗಡೆ ಪೆಡಲ್ ತಿರುಪು ಉಲ್ಟಾ ಅನ್ನೋದು ನೆನಪಿರ್ಲಿ. ಹ್ಯಾಂಡಲ್ 760 ಎಂಎಂ ಅಗಲ, ಟ್ರೇಲ್‌ನಲ್ಲಿ ಅದು ಬೇಕು, ಗಾಡಿಗಳ ಸಂದಿಯಲ್ಲಿ ಕಷ್ಟ, ಎರಡೂ ಕಡೆ 20 ಎಂಎಂ ಕತ್ತರಿಸಿ 720 ಮಾಡಿದೀನಿ, ಎರಡಕ್ಕೂ ಒಪ್ಪಿಗೆ ಆಯ್ತು. ಮುಂದಿನ ಚಕ್ರಕ್ಕೆ ಉದ್ದ ಮಡ್‌ಗಾರ್ಡ್ ಕೂರಲ್ಲ, ಸಸ್ಪೆನ್ಷನ್ ಕುಸಿಯುತ್ತಲ್ಲ, ಹಂಗಾಗಿ ಫೋರ್ಕಿಗೆ ಕಟ್ಟೋ ಗಿಡ್ಡದು ಹಾಕಿದೀನಿ, ಮುಖಕ್ಕೆ ಕೆಸರು ಹಾರಲ್ಲ ಆದ್ರೆ ಶೂ ಒದ್ದೆ ಆಗುತ್ತೆ. ಇನ್ನು ಚೆನ್ನಾಗಿರೋ ರಸ್ತೆಯಲ್ಲಿ ಹೈಬ್ರಿಡ್ (ತೆಳು ಟೈರಿನ, ರಸ್ತೆ ಕಡೆ ವಾಲಿದ ಸೈಕಲ್) ಓಡಿಸೋ ಗೆಳೆಯನ ಜೊತೆ ಹೋದ್ರೆ ನಾನು ಹಿಂದೆ ಬೀಳ್ತೀನಿ, ಇದನ್ನ ಒಪ್ಕೊಂಡೇ ತಗೋಬೇಕು. ನಿಮ್ಮ ಟ್ರೇಲ್ ಅಂದ್ರೆ ಬರೀ ಸಮತಟ್ಟು ಮಣ್ಣು ರಸ್ತೆ, ಮಿಕ್ಕಿದ್ದೆಲ್ಲಾ ಡಾಂಬರು ಅನ್ನೋದಾದ್ರೆ ಹೈಬ್ರಿಡ್ಡೋ ಗ್ರಾವೆಲ್ ಬೈಕೋ ನಿಮಗೆ ಹೆಚ್ಚು ಖುಷಿ ಕೊಡುತ್ತೆ.

ಒಳ್ಳೇ ಫುಲ್ ಸಸ್ಪೆನ್ಷನ್ ಬೈಕ್ ಬೇಡ್ವಾ ಅಂತ ಕೇಳ್ತಾರೆ. ಒಳ್ಳೇದು ಒಳ್ಳೇದೇ, ಆದ್ರೆ ದಿನಾ ಮಳೆ ಧೂಳಲ್ಲಿ ಓಡಿಸಿದ್ರೆ ಪಿವೋಟ್ ಬೇರಿಂಗ್, ಹಿಂದಿನ ಶಾಕ್, ಎಲ್ಲದಕ್ಕೂ ಸರ್ವೀಸ್ ಬೇಕು, ಕ್ಯಾರಿಯರ್ ಕೂರಿಸೋದೂ ಕಷ್ಟ. ಅದೇ ದುಡ್ಡಲ್ಲಿ ಹಾರ್ಡ್‌ಟೇಲ್ ತಗೊಂಡ್ರೆ ಫೋರ್ಕು ಬ್ರೇಕು ಎರಡು ಮೆಟ್ಟಿಲು ಮೇಲಿನದು ಸಿಗುತ್ತೆ.

ತಂದ ಒಂದು ತಿಂಗಳಿಗೆ ಫ್ರೀ ಸರ್ವೀಸ್ ಇದ್ರೆ ತಪ್ಪದೇ ಹೋಗಿ, ಹೊಸ ಗೇರ್ ಕೇಬಲ್ ಸಡಿಲ ಆಗಿರುತ್ತೆ, ಸ್ಪೋಕ್ ಟೆನ್ಷನ್ ನೋಡ್ಬೇಕು. ಚೈನ್ ಸವೆತ ಅಳೆಯೋ ಸಣ್ಣ ಗೇಜ್ ಒಂದು ಇಟ್ಕೊಳ್ಳಿ, 10 ಸ್ಪೀಡಿಗೆ ಗೇಜ್‌ನ 0.75 ಗುರುತು ತಲುಪೋ ಮುಂಚೆ ಚೈನ್ ಬದಲಾಯಿಸಿದ್ರೆ ಕ್ಯಾಸೆಟ್ ಉಳಿಯುತ್ತೆ, ನಾನು ಈಗ ಮೂರನೇ ಚೈನಿನಲ್ಲಿದೀನಿ, ಕ್ಯಾಸೆಟ್ ಇನ್ನೂ ಮೊದಲಿಂದೇ. ಕೆಸರಾಗಿದೆ ಅಂತ ಪ್ರೆಶರ್ ವಾಷರ್ ಹಿಡಿದು ಹಬ್ಬಿಗೆ, ಪೆಡಲ್ ನಡುವಿನ ಬೇರಿಂಗ್‌ಗೆ ನೀರು ಹೊಡೀಬೇಡಿ, ಬಕೆಟ್ಟು ಬ್ರಷ್ಷು ಸಾಕು. ಫೋರ್ಕ್ ಕೆಳಭಾಗದ ಸರ್ವೀಸ್ 50 ಗಂಟೆಗೊಮ್ಮೆ ಅಂತ ಹೇಳ್ತಾರೆ, ನಾನು ಆಫೀಸ್ ಓಡಾಟ ಬಿಟ್ಟು ಟ್ರೇಲ್ ಗಂಟೆ ಲೆಕ್ಕ ಇಟ್ಟು ಮಾಡಿಸ್ತೀನಿ.

ಅಂಗಡಿಗೆ ಹೋದಾಗ ಬರೀ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರ್ಬೇಡಿ, ನಿಮ್ಮ ಆಫೀಸ್ ಬ್ಯಾಗ್ ತಗೊಂಡು ಹೋಗಿ, ಒಂದು ಏರು ಹತ್ತಿಸಿ, ಫುಟ್‌ಪಾತ್ ಅಂಚಿಂದ ಇಳಿಸಿ, ನಿಂತು ಪೆಡಲ್ ಮಾಡಿ ನೋಡಿ. ಫೋರ್ಕಿನ ಗಾಳಿ ನಿಮ್ಮ ತೂಕಕ್ಕೆ ಸೆಟ್ ಮಾಡಿ ಕೊಡಿ ಅಂತ ಕೇಳಿ, ಮಾಡಿ ಕೊಡೋ ಅಂಗಡಿ ಆದ್ರೆ ಸರ್ವೀಸೂ ಚೆನ್ನಾಗಿರುತ್ತೆ ಅಂತ ನನ್ನ ಅನುಭವ. ಬರುವಾಗ ಒಂದು ಶಾಕ್ ಪಂಪ್ ಜೊತೆಗೇ ತನ್ನಿ, ಟೈರಿಗೆ ಹೊಡೆಯೋ ಪಂಪ್ ಫೋರ್ಕಿಗೆ ಆಗಲ್ಲ.